ಒಡಪಿನೊಳಗಿನ ಹೆಸರು

ನಮ್ಮ ಅಜ್ಜಿಯ ಪಂಚಾಂಗದಲ್ಲಿ ವಾರಕ್ಕೆ ಆರೇ ದಿನಗಳಿಗೆ ಹೆಸರಿದ್ದಿತು. ಆದಿತ್ಯವಾರವಾದ ಮೇಲೆ ಬರುತ್ತಿದ್ದುದು 'ಆದಿತ್ಯವಾರದ ಮರುದಿನ'; ಅದು ಕಳೆದರೆ ಮಂಗಳವಾರ. ಆ ನಡುವಣ ದಿನದ ಒಪ್ಪೊತ್ತನ್ನು ಆಕೆ ಒಮ್ಮೆಯೂ ತಪ್ಪಿಸಿದವಳಲ್ಲ, ಶಿವಾಲಯಕ್ಕೆ ಬಿಲ್ವಪತ್ರೆ ಕಳುಹಿಸುವುದನ್ನು ಮರೆತವಳಲ್ಲ; ಆದರೆ ದಿನದ ಹೆಸರು ಮಾತ್ರ ಆಕೆಯ ನಾಲಗೆಯ ಮೇಲೆ ಬಂದುದನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಜ್ಜನ ಹೆಸರಿನ ಮೊದಲ ಎರಡು ಅಕ್ಷರಗಳೂ ಆ ದಿನದ ಹೆಸರಿನ ಮೊದಲ ಎರಡು ಅಕ್ಷರಗಳೂ ಒಂದೇ ಎಂಬ ಸರಳವಾದ ಸಂಗತಿ ನನಗೆ ಹೊಳೆದುದು ನಾನು ಮಾಧ್ಯಮಿಕ ಶಾಲೆಗೆ ಸೇರಿದ ಮೇಲೆ.

ಅಜ್ಜ ತೀರಿಕೊಂಡ ತರುವಾಯ ಜಮೀನಿನ ಖಾತೆಯ ಬದಲಾವಣೆಗಾಗಿ ಆಕೆಯನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಬೇಕಾಯಿತು. ಗುಮಾಸ್ತರು 'ಗಂಡನ ಹೆಸರು?' ಎಂದರು. ಅಜ್ಜಿ ನನ್ನ ಮುಖ ನೋಡಿದಳು. ಅರ್ಜಿದಾರಳ ಬಾಯಿಂದಲೇ ಬರಬೇಕೆಂದು ಅವರು ಹಟ ಹಿಡಿದು, ಮೂರನೆಯ ಸಲವೂ ಉತ್ತರ ಬಾರದಿರಲು, 'ಹೆಸರೇ ಗೊತ್ತಿಲ್ಲದೆ ಅಷ್ಟು ವರ್ಷ ಹೇಗಮ್ಮ ಸಂಸಾರ ಮಾಡಿದಿರಿ?' ಎಂದು ಕೊಂಕು ನುಡಿದರು. ಅಜ್ಜಿ ಸೆರಗನ್ನು ಸರಿಪಡಿಸಿಕೊಂಡು, 'ಹೆಸರು ಹಿಡಿದು ಕೂಗೋದಕ್ಕೆ ಅವರೇನು ಆಚೆ ಊರಲ್ಲಿದ್ದರೇನಪ್ಪ?' ಎಂದಳು. ಕಚೇರಿಯೆಲ್ಲ ನಕ್ಕಿತು; ಹೆಸರನ್ನು ನಾನು ಹೇಳಿದೆ; ಖಾತೆಯಾಯಿತು. ಆದರೆ ಮಾತನ್ನು ಕಟ್ಟಿಹಾಕುವ ಒಂದು ನಿಷೇಧವು ಮಾತಿನ ಜಾಣತನವನ್ನು ಹೀಗೆ ಹರಿತಗೊಳಿಸಬಲ್ಲುದೆಂಬ ಆಶ್ಚರ್ಯ ನನ್ನಲ್ಲಿ ಅಂದು ಮೊಳೆತುದು ಇಂದಿಗೂ ಬಾಡಿಲ್ಲ. ಗಂಡಿನ ಮಾತು ಬೇರೆ, ಹೆಣ್ಣಿನ ಮಾತು ಬೇರೆ ಎಂದು ಸಾಮಾನ್ಯವಾಗಿ ನಾವು ಹೇಳುವಾಗ ಸ್ವರದ ಏರಿಳಿತವನ್ನೋ, ಸಂಕೋಚವನ್ನೋ, ವಾಚಾಳಿತ್ವವನ್ನೋ ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಅದೆಲ್ಲಕ್ಕಿಂತ ಹಳೆಯದಾದ, ಅದೆಲ್ಲಕ್ಕಿಂತ ಖಚಿತವಾದ ಭೇದವೊಂದು ಕನ್ನಡದ ಮನೆಗಳಲ್ಲಿ ಒಂದು ಹೆಸರಿನ ಸುತ್ತ ಬೆಳೆದು ನಿಂತಿದೆ.

ಈ ನಿಷೇಧಕ್ಕೆ ಶಾಸ್ತ್ರಾಧಾರವನ್ನು ಕೇಳಿದರೆ ಹಿರಿಯರು ಒಂದು ಸಂಸ್ಕೃತ ಶ್ಲೋಕವನ್ನು ಮುಂದಿಡುವುದುಂಟು. ಶ್ರೇಯಸ್ಸನ್ನು ಬಯಸುವವನು ತನ್ನ ಹೆಸರನ್ನೂ, ಗುರುವಿನ ಹೆಸರನ್ನೂ, ಕಡುಲೋಭಿಯ ಹೆಸರನ್ನೂ, ಜ್ಯೇಷ್ಠಪುತ್ರನ ಹೆಸರನ್ನೂ, ಕಲತ್ರದ ಹೆಸರನ್ನೂ ಉಚ್ಚರಿಸತಕ್ಕುದಲ್ಲವೆಂಬುದು ಅದರ ತಾತ್ಪರ್ಯ. ಕಲತ್ರವೆಂದರೆ ಹೆಂಡತಿ. ಅಂದರೆ ಈ ಶ್ಲೋಕವು ಬಾಯಿ ಕಟ್ಟಿದುದು ಗಂಡನಿಗೆ! ಹೆಂಡತಿಯು ಗಂಡನ ಹೆಸರು ಹೇಳುವ ಪ್ರಸ್ತಾಪವೇ ಅದರಲ್ಲಿಲ್ಲ. ಈ ವಿಧಿಯನ್ನು ಗಂಡಸರು ಪಾಲಿಸದೆ ಇದ್ದರೆಂದೂ ಹೇಳಲಾಗದು. ಹೊರಗಿನಿಂದ ಬಂದಾಗ ಕೆಮ್ಮಿ ತಮ್ಮ ಬರವನ್ನು ಸೂಚಿಸುತ್ತ, 'ಇವಳೇ', 'ಕೇಳಿಸಿತೇನೇ' ಎಂದು ಒಳಮನೆಯ ಕಡೆಗೆ ಮಾತನ್ನೆಸೆಯುತ್ತ ಐವತ್ತು ವರ್ಷ ಸಂಸಾರ ನಡೆಸಿದ ಗೃಹಸ್ಥರನ್ನು ನಾವು ಕಂಡಿದ್ದೇವೆ. ಆದರೆ ಗಂಡನಿಗೆ ಇದು ಒಂದು ಶಿಷ್ಟಾಚಾರ ಮಾತ್ರವಾಗಿದ್ದಿತು, ಮುರಿದರೆ ಕೇಳುವವರಿರಲಿಲ್ಲ. ಹೆಂಡತಿಯು ಮುರಿದರೆ ಗಂಡನ ಆಯುಸ್ಸು ಕ್ಷೀಣಿಸುವುದೆಂಬ ಭೀತಿ ಇದ್ದಿತು. ಒಂದೇ ನಿಯಮವು ಒಬ್ಬರ ಪಾಲಿಗೆ ಮರ್ಯಾದೆಯಾಗಿ, ಇನ್ನೊಬ್ಬರ ಪಾಲಿಗೆ ಭಯವಾಗಿ ಇಳಿದು ಬಂದುದು ಹೀಗೆ.

ಸಂಸ್ಕೃತ ನಾಟಕಗಳಲ್ಲಿ ಈ ಭೇದವು ಭಾಷಾಭೇದವಾಗಿಯೇ ನಿಂತಿತು. ರಾಜನೂ ಮಂತ್ರಿಯೂ ಸಂಸ್ಕೃತದಲ್ಲಿ ನುಡಿದರೆ, ಪಟ್ಟದ ರಾಣಿಯೇ ಆಗಲಿ ದಾಸಿಯೇ ಆಗಲಿ, ಸ್ತ್ರೀಪಾತ್ರವು ಶೌರಸೇನೀ ಪ್ರಾಕೃತದಲ್ಲಿ ಉತ್ತರ ಕೊಡಬೇಕು; 'ಮಾಲವಿಕಾಗ್ನಿಮಿತ್ರ'ದ ಪರಿವ್ರಾಜಿಕೆ ಕೌಶಿಕಿಯಂಥ ಕೆಲವರಿಗೆ ಮಾತ್ರ ಸಂಸ್ಕೃತದ ಅಧಿಕಾರ. ಗಂಡಹೆಂಡಿರು ಎರಡು ಭಾಷೆಗಳಲ್ಲಿ ಪ್ರೇಮಿಸಿ, ಎರಡು ಭಾಷೆಗಳಲ್ಲಿ ಜಗಳವಾಡಿ, ಎಲ್ಲಿಯೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೋಗದಿರುವ ಈ ರಂಗಸಂಪ್ರದಾಯವನ್ನು ನಾವು ಸಹಜವೆಂಬಂತೆ ಓದಿಕೊಂಡು ಹೋಗುತ್ತೇವೆ. ಭರತನ ನಾಟ್ಯಶಾಸ್ತ್ರವು ಸಂಬೋಧನೆಯ ವಿಷಯವನ್ನೂ ಬಿಡಲಿಲ್ಲ: ಹೆಂಡತಿಯು ಗಂಡನನ್ನು 'ಆರ್ಯಪುತ್ರ' ಎಂದು ಕರೆಯತಕ್ಕುದು. ಪದವನ್ನು ಬಿಡಿಸಿ ನೋಡಿದರೆ ಮಾವನವರ ಮಗ ಎಂಬಷ್ಟೇ ಅರ್ಥ. ನಮ್ಮ ಅಜ್ಜಿಯರ 'ಅತ್ತೆಯ ಮಗ' ಎಂಬ ಮಾತಿಗೂ ಇದಕ್ಕೂ ಒಂದು ಗೇಣಿನ ಅಂತರವಿಲ್ಲ.

ಈ ಒಂದು ಪದವನ್ನಿಟ್ಟುಕೊಂಡು ಕಾಳಿದಾಸನು ಮಾಡಿದುದನ್ನು ನೋಡಬೇಕು. ಶಾಕುಂತಲದ ಐದನೆಯ ಅಂಕದಲ್ಲಿ, ತನ್ನನ್ನು ಅರಿಯೆನೆಂದ ದುಷ್ಯಂತನ ಎದುರಿಗೆ ನಿಂತ ಶಕುಂತಲೆಯು ರೂಢಿಯಂತೆ 'ಆರ್ಯಪುತ್ರ' ಎಂದು ತೊಡಗಿ, ಅರ್ಧದಲ್ಲಿಯೇ ತಡೆದು, ವಿವಾಹವೇ ಸಂಶಯಕ್ಕೊಳಗಾಗಿರುವಾಗ ಈ ಸಂಬೋಧನೆ ತಕ್ಕುದಲ್ಲವೆಂದು ತನಗೆ ತಾನೇ ಹೇಳಿಕೊಂಡು, 'ಪೌರವ' ಎಂದು ಕುಲದ ಹೆಸರು ಹಿಡಿದು ಕರೆಯುತ್ತಾಳೆ. ಒಂದು ಸಂಬೋಧನೆಯನ್ನು ಹಿಂತೆಗೆದುಕೊಳ್ಳುವುದರಿಂದಲೇ ದಾಂಪತ್ಯವೊಂದು ಸಭೆಯ ನಡುವೆ ಮುರಿದು ಬೀಳುವುದನ್ನು ಇಷ್ಟು ಮಿತವಾದ ಮಾತಿನಲ್ಲಿ ತೋರಿಸಿದ ಇನ್ನೊಂದು ಸಂದರ್ಭವನ್ನು ನಾನು ಕಾಣೆ. ಧಾರವಾಡದ ಚುರಮುರಿ ಶೇಷಗಿರಿರಾಯರೂ ಮೈಸೂರಿನ ಬಸವಪ್ಪಶಾಸ್ತ್ರಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಟಕವನ್ನು ಕನ್ನಡಕ್ಕೆ ತಂದಾಗ ಸಂಸ್ಕೃತ–ಪ್ರಾಕೃತಗಳ ಭೇದವೇನೋ ಅಳಿಯಿತು. ಆದರೆ ಸಂಬೋಧನೆಯ ಈ ಸೂಕ್ಷ್ಮವನ್ನು ಅರಿಯಲು ಕನ್ನಡದ ಪ್ರೇಕ್ಷಕಿಗೆ ಟಿಪ್ಪಣಿಯೇನೂ ಬೇಕಿರಲಿಲ್ಲ. ಅದು ಅವಳ ಮನೆಯ ಮಾತೇ ಆಗಿದ್ದಿತು.

ಇಷ್ಟರಿಂದ, ಈ ಆಚಾರವು ಅನಾದಿಯಾದುದು, ಕನ್ನಡನಾಡಿನಲ್ಲಿ ಅವಿಚ್ಛಿನ್ನವಾಗಿ ನಡೆದುಬಂದುದು ಎಂದು ನಿರ್ಣಯಿಸುವವರು ಅವಸರ ಮಾಡಿದಂತಾಗುವುದು. ನಮ್ಮ ಕವಿಗಳು ಸ್ತ್ರೀಪಾತ್ರಕ್ಕೆ ಬೇರೊಂದು ನುಡಿಯನ್ನು ಕೊಡಲಿಲ್ಲ. 941ರಲ್ಲಿ ಪಂಪನು ರಚಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿಯು ನುಡಿಯುವ ಕನ್ನಡವೂ ಭೀಮನು ನುಡಿಯುವ ಕನ್ನಡವೂ ಒಂದೇ. ಕುಮಾರವ್ಯಾಸನ ದ್ರೌಪದಿಯಂತೂ ವಿರಾಟನಗರದ ಆ ಕೇಡಿನ ಇರುಳಿನಲ್ಲಿ ತನ್ನ ಐವರು ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಎಣಿಸಿ, ಅಳೆದು, ಭೀಮನೊಬ್ಬನೇ ಮಿಡುಕುಳ್ಳವನೆಂದು ತೀರ್ಪು ಕೊಡುತ್ತಾಳೆ. ಏಕಾಂತದ ಮಾತು ಅದು ಎನ್ನಬಹುದು. ಆದರೆ ಕೇಳುವ ನಾಡಿಗೆ ಅದು ಕಿವಿಗೆ ಕಟುವಾಗಲಿಲ್ಲ.

ವಚನಕಾರ್ತಿಯರಲ್ಲಿಗೆ ಬಂದರೆ ಸಾಕ್ಷ್ಯವು ಇನ್ನೂ ವಿಚಿತ್ರ. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಅದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನು ಗಂಡನನ್ನು 'ಆಳ್ದನೆ' ಎಂದು ಒಡೆಯನ ಸ್ಥಾನದಲ್ಲಿಟ್ಟು ಕರೆಯುತ್ತಲೇ, ಅದೇ ಉಸಿರಿನಲ್ಲಿ ಏಕವಚನದಿಂದ ಅಪ್ಪಣೆ ಮಾಡುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ತನ್ನ ಎಲ್ಲ ವಚನಗಳ ಕೊನೆಗೂ ಮುದ್ರೆಯೊತ್ತುವ ಅಂಕಿತದಲ್ಲಿಯೇ ಆಕೆ ಗಂಡನ ಹೆಸರನ್ನಿರಿಸಿದಳು: 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆಯ ಅಂಕಿತ 'ಉರಿಲಿಂಗಪೆದ್ದಿಗಳರಸ'. ಇವರ ಪಕ್ಕದಲ್ಲಿ ಮೋಳಿಗೆ ಮಹಾದೇವಿಯನ್ನು ನಿಲ್ಲಿಸಿ ನೋಡಿರಿ. ಆಕೆಯ ಗಂಡನ ಹೆಸರೂ ಮಾರಯ್ಯನೇ, ಆದರೆ ಆಕೆಯ ಅಂಕಿತದಲ್ಲಿ ಆತನು 'ಎನ್ನಯ್ಯ' ಮಾತ್ರ. ಒಂದೇ ಶರಣಸಮೂಹದಲ್ಲಿ ಹೆಸರು ಹಿಡಿದು ಹೇಳಿದವಳೂ ಇದ್ದಳು, ಹೆಸರನ್ನು ಮರೆಸಿ ಹೇಳಿದವಳೂ ಇದ್ದಳು. ಒಬ್ಬಳನ್ನು ಧಿಕ್ಕಾರಿಣಿಯೆಂದೂ ಇನ್ನೊಬ್ಬಳನ್ನು ಭೀರುವೆಂದೂ ಕರೆಯುವ ಪ್ರಮೇಯವೇ ಬರಲಿಲ್ಲ. ಕೊಂಡಿಯು ಬಿಗಿಯಾದುದು ಅಲ್ಲಿಂದ ಮುಂದೆ. ಯಾವ ಶತಮಾನದಲ್ಲಿ ಎಂದು ಗೆರೆಯೆಳೆದು ತೋರಿಸುವುದು ಸಾಧ್ಯವಿಲ್ಲದ ಮಾತು. ಆದರೆ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಅಡಕೆಲೆಯ ಸಂಚಿ ಹಿಡಿದು ಊಳಿಗ ಮಾಡುತ್ತಿದ್ದ ಹೊನ್ನಮ್ಮನು 'ಹದಿಬದೆಯ ಧರ್ಮ'ವನ್ನು ಬರೆಯುವ ಹೊತ್ತಿಗೆ ಗಂಡನೆದುರಿನ ನಡೆನುಡಿಯು ಒಂದು ಕಾವ್ಯಕ್ಕೆ ವಸ್ತುವಾಗುವಷ್ಟು ವಿಧಿಬದ್ಧವಾಗಿದ್ದಿತು. ಅದೇ ಹೊನ್ನಮ್ಮನು ಅದೇ ಕಾವ್ಯದಲ್ಲಿ ಹೆಣ್ಣೆಂದು ಹೀಗಳೆಯುವವರನ್ನು ಖಂಡಿಸಲು ಮರೆಯಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಹೋದರೆ ಆಕೆಗೆ ಅನ್ಯಾಯವಾದೀತು.

ಇನ್ನು ಮನೆಯೊಳಕ್ಕೆ ಹೋಗೋಣ. ವಿಷಯದ ಸಾರವಿರುವುದು ಗ್ರಂಥದಲ್ಲಲ್ಲ, ಅಡುಗೆಮನೆಯಲ್ಲಿ.

ಗಂಡನ ಹೆಸರೊಂದನ್ನೇ ಬಿಟ್ಟಿದ್ದರೆ ಕಷ್ಟವೇನೂ ಇರುತ್ತಿರಲಿಲ್ಲ. ಮಾವನ ಹೆಸರು, ಅತ್ತೆಯ ಹೆಸರು, ಭಾವನ ಹೆಸರು, ಹೀಗೆ ಗಂಡನ ಮನೆಯ ಹಿರಿಯರೆಲ್ಲರ ಹೆಸರುಗಳೂ ಸೊಸೆಯ ಬಾಯಿಗೆ ಹೊರಗಾದುವು. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ಪದ್ಧತಿಯಾದುದರಿಂದ, ಹಡೆದ ತಾಯಿಯೇ ತನ್ನ ಮಗನನ್ನು ಇಟ್ಟ ಹೆಸರಿನಿಂದ ಕರೆಯಲಾರದೆ ಹೋದಳು. 'ಪುಟ್ಟ', 'ಮರಿ', 'ಅಪ್ಪಯ್ಯ', 'ಅಣ್ಣಯ್ಯ', 'ರಾಜ' ಎಂದು ನಮ್ಮ ಮನೆಗಳಲ್ಲಿ ಎಪ್ಪತ್ತು ತುಂಬಿದ ಮೇಲೆಯೂ ಉಳಿದುಬಂದಿರುವ ಕರೆಹೆಸರುಗಳಲ್ಲಿ ಅರ್ಧದಷ್ಟಾದರೂ ಮುದ್ದಿನಿಂದ ಹುಟ್ಟಿದುವಲ್ಲ, ಈ ನಿರ್ಬಂಧದಿಂದ ಹುಟ್ಟಿದುವೆಂದು ನನ್ನ ಅನುಮಾನ. ಮಾವನ ಹೆಸರಿನಲ್ಲಿ ಹಾಲಿನ ಸುಳಿವಿದ್ದರೆ ಹಾಲು 'ಬಿಳಿಯದು' ಆಗುವುದು. ಗಂಡನ ಹೆಸರಿನಲ್ಲಿ ಬೆಟ್ಟವಿದ್ದರೆ ಬೆಟ್ಟವು 'ಗುಡ್ಡ'ವಾಗುವುದು. ದೇವರ ಹೆಸರುಗಳ ಗತಿಯೇನು? ಗಂಡನ ಹೆಸರು ಇಷ್ಟದೈವದ ಹೆಸರೇ ಆಗಿದ್ದ ಪಕ್ಷದಲ್ಲಿ ಭಜನೆಯ ಸಾಲಿನಲ್ಲಿ ಆ ಹೆಸರು ಬಂದೊಡನೆ ತಾಳವನ್ನು ಮಾತ್ರ ಬಾರಿಸಿ ಬಾಯಿ ಮುಚ್ಚುವ ಮುತ್ತೈದೆಯರನ್ನು ಬಾಲ್ಯದಲ್ಲಿ ಕಂಡು ನಾವು ಹುಡುಗರು ನಕ್ಕಿದ್ದುಂಟು. ದಕ್ಷಿಣ ಆಫ್ರಿಕದ ಖೋಸಾ ಜನಾಂಗದ ಸೊಸೆಯಂದಿರು ಮಾವನ ಹೆಸರಿನಲ್ಲಿ ಬರುವ ಅಕ್ಷರಗಳನ್ನೇ ವರ್ಜಿಸಿ, ಅವು ಸೇರಿದ ಪದಗಳಿಗೆಲ್ಲ ಬದಲು ಪದಗಳನ್ನು ಕಟ್ಟಿಕೊಂಡು, ಹೆಂಗಸರ ಮಾತೆಂಬ ಬೇರೊಂದು ಶಬ್ದರಾಶಿಯನ್ನೇ ಬೆಳೆಸಿದ್ದಾರೆ. ಅದಕ್ಕೆ ಅವರಲ್ಲಿ 'ಹ್ಲೊನಿಫ' ಎಂದು ಹೆಸರು. ನಮ್ಮ ಸೊಸೆಯಂದಿರು ಅಷ್ಟು ದೂರ ಹೋಗಲಿಲ್ಲ. ಆದರೆ ಹೊರಟ ದಾರಿ ಅದೇ.

ಗಂಡನನ್ನು ಕರೆಯುವುದೆಂತು? ಕನ್ನಡದ ವ್ಯಾಕರಣವೇ ಇಲ್ಲಿ ಒಂದು ತೊಡಕನ್ನು ತಂದೊಡ್ಡುತ್ತದೆ. ಸಲಿಗೆಯ ಕನ್ನಡದಲ್ಲಿ ಕೇಳುವವನು ಗಂಡೋ ಹೆಣ್ಣೋ ಎಂಬುದನ್ನು ಬಹಿರಂಗಪಡಿಸದೆ ಒಂದು ವಾಕ್ಯವನ್ನು ಮುಗಿಸುವುದು ದುಸ್ತರ: 'ಬಾರೋ' – 'ಬಾರೇ', 'ಏನೋ' – 'ಏನೇ', 'ಹೌದು ಕಣೋ' – 'ಹೌದು ಕಣೇ'. ಉತ್ತರ ಕರ್ನಾಟಕದಲ್ಲಿ ಹೆಣ್ಣಿಗೆ 'ಯಾಕಬೇ' ಎಂಬುದೂ ಸೇರುವುದು. ಈ ಓಕಾರ ಏಕಾರಗಳು ಬಾಲಕ್ಕೆ ಅಂಟಿದ ಒಂದೊಂದು ಸ್ವರವಾದರೂ ಸಮಾಜವು ಅವುಗಳನ್ನು ಸಮಾನವಾಗಿ ಹಂಚಲಿಲ್ಲ. ಗಂಡನು ಹೆಂಡತಿಗೆ 'ಏನೇ' ಎಂದರೆ ಸಂಸಾರ. ಹೆಂಡತಿಯು ಗಂಡನಿಗೆ 'ಏನೋ' ಎಂದರೆ ಮೊನ್ನೆ ಮೊನ್ನೆಯವರೆಗೆ ಪಂಚಾಯಿತಿ. ದಾಸರು ಶ್ರೀಕೃಷ್ಣನನ್ನು 'ಬಾರೋ' ಎಂದು ಕರೆದು ಧನ್ಯರಾದರು. ಅದೇ ಹಾಡನ್ನು ಹಾಡುತ್ತ ದೀಪ ಹಚ್ಚುತ್ತಿದ್ದ ಗೃಹಿಣಿಗೆ ಜಗನ್ನಾಥನೊಡನೆ ಇದ್ದ ಆ ಸಲಿಗೆಯು ಪಡಸಾಲೆಯಲ್ಲಿ ಕುಳಿತ ತನ್ನ ನಾಥನೊಡನೆ ಇರಲಿಲ್ಲ.

ಆಕೆ ಕಂಡುಕೊಂಡ ಉಪಾಯವು ಭಾಷೆಯ ಇತಿಹಾಸದಲ್ಲಿ ಉಲ್ಲೇಖಿಸಲು ಯೋಗ್ಯವಾದುದು. 'ಕೇಳಿರಿ', 'ಬನ್ನಿರಿ', 'ಹೇಳಿರಿ' ಎಂಬ ಗೌರವವಾಚಕ ಕ್ರಿಯಾಪದಗಳ ಕೊನೆಯ 'ರಿ' ಎಂಬುದು ಬಹುವಚನದ ಒಂದು ಪ್ರತ್ಯಯ. ತಾನಾಗಿ ಅದಕ್ಕೆ ಅರ್ಥವಿಲ್ಲ, ಒಂಟಿಯಾಗಿ ನಿಲ್ಲುವ ಬಲವಿಲ್ಲ. ಹೆಸರನ್ನೂ ಬಿಟ್ಟು, ಕ್ರಿಯೆಯನ್ನೂ ಬಿಟ್ಟು, ಉಳಿದ ಆ ಬಾಲವನ್ನೇ ದೀರ್ಘವಾಗಿ ಎಳೆದು 'ರೀ' ಎಂದು ಆಕೆ ಕೂಗಿದಳು. ಗಂಡನು ಓಗೊಟ್ಟನು. ಅಂದಿನಿಂದ ಕನ್ನಡದ ಪ್ರತ್ಯಯವೊಂದು ಸಂಬೋಧನೆಯಾಗಿ, ಸಂಬೋಧನೆಯು ಸಂಬಂಧದ ಹೆಸರೇ ಆಗಿ, ನಾಲ್ಕು ಜನ ಗಂಡಸರು ಕುಳಿತ ಜಗುಲಿಯ ಕಡೆಗೆ ಒಳಗಿನಿಂದ 'ರೀ' ಎಂಬ ದನಿ ಬಂದರೆ ಏಳಬೇಕಾದವನೊಬ್ಬನೇ ಏಳುವಂತಾಯಿತು. ಧಾರವಾಡದ ಕಡೆ ಈ 'ರೀ' ಎಲ್ಲರ ಮಾತಿಗೂ ಬಾಲವಾಗಿ ಧಾರಾಳವಾಗಿ ಹರಿದಾಡುವುದಾದರೂ ಒಂಟಿಯಾಗಿ ಒಳಮನೆಯಿಂದ ಬರುವ 'ರೀ' ಬೇರೆ ಎಂಬುದನ್ನು ಅಲ್ಲಿಯವರೂ ಬಲ್ಲರು.

ಎಲ್ಲ ಮನೆಗಳಲ್ಲಿಯೂ ಹೀಗಿದ್ದಿತೆಂದು ಭಾವಿಸಬಾರದು. ಗಂಡನನ್ನು ಬಹುವಚನದಲ್ಲಿ ಕಾಣುವುದು ಹೆಚ್ಚಾಗಿ ಮೇಲ್ಜಾತಿಗಳ, ಅನುಕೂಲವಂತರ ಮನೆಯ ರೀತಿ. ಗಂಡನ ಜೊತೆಯಲ್ಲಿಯೇ ನೆಟ್ಟಿ ಮಾಡಿ, ಕಳೆ ಕಿತ್ತು, ಸಂತೆಗೆ ಹೊರೆ ಹೊತ್ತು ನಡೆದ ಎಷ್ಟೋ ಒಕ್ಕಲುಮನೆಗಳ ಹೆಂಗಸರು ಆತನನ್ನು 'ನೀನು' ಎಂದೇ ಕರೆದರು. ಹೆಸರನ್ನು ಮಾತ್ರ ಅವರೂ ಹೇಳಲಿಲ್ಲ. ಸೋದರಮಾವನನ್ನೇ ಮದುವೆಯಾಗುವ ಹಳೆಯ ಮೈಸೂರಿನ ಸೀಮೆಯಲ್ಲಿ 'ಮಾವ' ಎಂಬ ಹುಟ್ಟಿನ ಸಂಬಂಧದ ಪದವೇ ಮದುವೆಯ ಮೇಲೂ ಮುಂದುವರಿದು ಕೆಲಸವನ್ನು ಸುಲಭಗೊಳಿಸಿತು. ಇನ್ನು ಹವ್ಯಕರ ಕನ್ನಡದಲ್ಲಿ ಹೆಣ್ಣನ್ನು ಕುರಿತು 'ಅಕ್ಕ ಬಂತು', 'ಅದು ಹೋತು' ಎಂದು ನಪುಂಸಕದಲ್ಲಿ ಹೇಳುವುದನ್ನು ಹೊರಗಿನವರು ಕೇಳಿ ತಿರಸ್ಕಾರವೆಂದು ತಿಳಿದು ನೊಂದುಕೊಳ್ಳುವುದುಂಟು. ನೋಯಬೇಕಾದುದಿಲ್ಲ, ಅಮ್ಮನನ್ನೂ ಹಾಗೆಯೇ ಹೇಳುತ್ತಾರೆ, ಅದರಲ್ಲಿ ಅಕ್ಕರೆಗೆ ಕೊರತೆಯಿಲ್ಲ. ನೆರೆಯ ತೆಲುಗಿನಲ್ಲಿಯೂ ಏಕವಚನದಲ್ಲಿ ಹೆಣ್ಣಿಗೆ ಬೇರೆ ಕ್ರಿಯಾರೂಪವಿಲ್ಲದೆ ನಪುಂಸಕದ ರೂಪವೇ ನಡೆಯುತ್ತದೆ. ವ್ಯಾಕರಣದ ಲಿಂಗವನ್ನು ನೋಡಿ ಮನೆಯ ಮರ್ಯಾದೆಯನ್ನು ಅಳೆಯಲು ಹೊರಡುವವರು ಎಚ್ಚರದಿಂದಿರುವುದು ಮೇಲು.

ಹೇಳಬಾರದೆಂಬ ಹೆಸರನ್ನು ಹೇಳಲೇಬೇಕೆಂದು ಒತ್ತಾಯಿಸುವ ಒಂದು ಗಳಿಗೆಯನ್ನೂ ಈ ಸಮಾಜವೇ ಕಲ್ಪಿಸಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಒಡಪು ಎಂದು ಹೆಸರು. ಮದುಮಗಳು ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಒದೆದು ಮನೆ ತುಂಬುವ ಹೊತ್ತಿಗೆ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು 'ಹೆಸರ ಹೇಳ, ಒಳಗ ಬಾ' ಎನ್ನುತ್ತಾರೆ. ಕುಬಸದ ದಿನ, ತೊಟ್ಟಿಲ ದಿನ, ಬೀಗರ ಪಂಕ್ತಿಯಲ್ಲಿ, ಎಲ್ಲೆಡೆಯೂ ಹಿರಿಯ ಮುತ್ತೈದೆಯರು ಕಿರಿಯಳನ್ನು ಕಾಡುವುದು ಇದೇ ಮಾತಿಗೆ. ಆಕೆ ತಲೆ ತಗ್ಗಿಸುತ್ತಾಳೆ, ಒಲ್ಲೆನೆನ್ನುತ್ತಾಳೆ, ನಾಚುತ್ತಾಳೆ – ನಾಚುವುದೂ ಆ ಆಟದ ಒಂದು ಅಂಗವೇ – ಆ ಮೇಲೆ ಪ್ರಾಸಬದ್ಧವಾದ ಎರಡು ಸಾಲುಗಳನ್ನು ಸರಕ್ಕನೆ ಹೇಳಿ, ಎರಡನೆಯ ಸಾಲಿನ ನಡುವೆ ಹೆಸರನ್ನು ಹುದುಗಿಸಿ ದಾಟಿಬಿಡುತ್ತಾಳೆ. ಮೊದಲ ಸಾಲಿಗೆ ಅರ್ಥವಿರಬೇಕೆಂಬ ನಿರ್ಬಂಧವಿಲ್ಲ. ತಟ್ಟೆಯೋ ತಂಬಿಗೆಯೋ, ಮಲ್ಲಿಗೆಯೋ ಮಾವಿನ ಎಲೆಯೋ, ಯಾವುದಾದರೂ ಆದೀತು. ಮಾದರಿಗಾಗಿ ನಾನೇ ಒಂದನ್ನು ಕಟ್ಟಿದ್ದೇನೆ. ಬಲ್ಲ ಹೆಂಗಸರು ನಗಬಾರದು:

ಹಿತ್ತಾಳಿ ತಂಬಿಗಿ ಬೆಳಗಿ ಬೆಳಗಿ ಇಟ್ಟೀನಿ,
ಇಂಥವರ ಹೆಸರ ಹೇಳಿ ಹೊಸ್ತಿಲಾ ಮೆಟ್ಟೀನಿ.

'ಇಂಥವರ' ಎಂಬಲ್ಲಿ ಹೆಸರು. ಸೊಸೆಯು ಚತುರೆಯಾದರೆ ಮೊದಲ ಸಾಲಿನಲ್ಲಿ ಅತ್ತೆಯ ಜಿಪುಣತನವನ್ನೋ ನಾದಿನಿಯ ಮೂಗಿನ ಉದ್ದವನ್ನೋ ಸೇರಿಸಿ, ಹೆಸರನ್ನೂ ಹೇಳಿ ಸೇಡನ್ನೂ ತೀರಿಸಿಕೊಂಡು ಒಳಗೆ ಹೋಗಬಲ್ಲಳು. ಪ್ರಾಸದ ಮರೆಯಲ್ಲಿ ಆಡಿದ ಮಾತಿಗೆ ಯಾರೂ ಮುನಿಯುವಂತಿಲ್ಲ. ವರ್ಷವೆಲ್ಲ ಕಟ್ಟಿದ ನಾಲಗೆಗೆ ಇದು ಸಿಕ್ಕುವ ಒಂದು ಗಳಿಗೆಯ ಬಿಡುಗಡೆ. ಗಂಡನೂ ಹೆಂಡತಿಯ ಹೆಸರಿಗೆ ಒಡಪು ಹೇಳಬೇಕಾಗುವುದುಂಟು. ಆದರೆ ಬಹುಮಟ್ಟಿಗೆ ಆತನು ತಡವರಿಸುತ್ತಾನೆ, ಗೆಳೆಯರು ಹಿಂದಿನಿಂದ ಹೇಳಿಕೊಡುತ್ತಾರೆ. ಮುಚ್ಚಿ ಹೇಳುವ ಕಲೆಯನ್ನು ಅಭ್ಯಾಸ ಮಾಡುವ ಅಗತ್ಯವೇ ಆತನಿಗೆ ಬಿದ್ದಿರಲಿಲ್ಲ.

ನಮ್ಮಲ್ಲಿ ಒಗಟಿಗೂ ಒಡಪೆಂಬ ಹೆಸರುಂಟು. ಮರಾಠಿಯಲ್ಲಿಯೂ ಹೀಗೆಯೇ: 'ಉಖಾಣಾ' ಎಂದರೆ ಒಗಟು, 'ಉಖಾಣಾ' ಎಂದರೆ ಗಂಡನ ಹೆಸರು ಹೇಳುವ ಪದ್ಯ. ಧಾರವಾಡ, ವಿಜಾಪುರ, ಬೆಳಗಾವಿಗಳು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಬೀಗತನಗಳೂ ಭಾಷೆಯ ಗಡಿಯನ್ನು ದಾಟಿ ನಡೆಯುತ್ತಿದ್ದುವು. ಯಾರು ಯಾರಿಂದ ಕಲಿತರೆಂಬ ವಾದಕ್ಕೆ ನಾನು ಇಳಿಯಲಾರೆ. ಎರಡು ನುಡಿಗಳೂ ಗಂಡನ ಹೆಸರನ್ನು ಒಗಟಿನ ಸಾಲಿಗೆ ಸೇರಿಸಿದುವೆಂಬುದೇ ಸಾಕು. ಉತ್ತರ ಗೊತ್ತಿದ್ದೂ ಹೇಳಬಾರದು, ಹೇಳಿದರೆ ಆಟ ಮುಗಿಯಿತು.

ಬೀಸುವ ಕಲ್ಲಿನ ಮುಂದೆಯೂ ಇದೇ ನ್ಯಾಯ. ವಿಜಾಪುರದ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ ತ್ರಿಪದಿಗಳಲ್ಲಿ ಗಂಡನು 'ರಾಯ'ನಾಗಿ ಬರುವುದನ್ನು ಕಾಣುವೆವು. ತವರಿನ ಅಣ್ಣತಮ್ಮಂದಿರ ಮೇಲೆ ಮನದಣಿಯ ಹಾಡಿದ ಆ ಗರತಿ ರಾಯನ ಮೇಲೂ ಹಾಡಿದಳು. ಹೆಸರನ್ನು ಮಾತ್ರ ಬೀಸುವ ಕಲ್ಲಿಗೂ ಹೇಳಲಿಲ್ಲ. ಹನ್ನೊಂದು ವರ್ಷಗಳ ತರುವಾಯ, 1942ರಲ್ಲಿ, ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಹೊರಬಂದಾಗ ಮಾವನ ಮನೆಗೆ ಬಂದ ಅಳಿಯನು ಅಲ್ಲಿಯೂ ಬರಿಯ ರಾಯರು. ಹೆಂಡತಿಗೆ ಪದುಮಳೆಂಬ ಹೆಸರಿದೆ. ಇಡೀ ಕನ್ನಡನಾಡು ಬಾಯಿಪಾಠ ಮಾಡಿದ ಆ ದಂಪತಿಗಳಲ್ಲಿ ಗಂಡನ ಹೆಸರೇನೆಂದು ನಾವು ಯಾರೂ ಕೇಳಲಿಲ್ಲ, ನಮಗೆ ಅದು ಕೊರತೆಯಾಗಿ ತೋರಲೂ ಇಲ್ಲ.

ಇಲ್ಲಿಯವರೆಗೆ ಈ ಆಚಾರದ ಚೆಲುವನ್ನು ಹೇಳಿದ್ದಾಯಿತು. ತೆತ್ತ ಬೆಲೆಯನ್ನೂ ಹೇಳಬೇಕು. ಒಡಪಿನಲ್ಲಿ ಗಂಡನ ಹೆಸರನ್ನು ಒಡವೆಯಂತೆ ಮುಚ್ಚಿಟ್ಟುಕೊಂಡು ತೋರಿಸುವ ಅದೇ ಮದುವೆಯ ಚಪ್ಪರದಲ್ಲಿ, ಮುಂಬಯಿ ಕರ್ನಾಟಕದ ಎಷ್ಟೋ ಮನೆತನಗಳಲ್ಲಿ, ಹರಿವಾಣದೊಳಗೆ ಅಕ್ಕಿಯನ್ನು ಹರಡಿ, ಬಂಗಾರದ ಉಂಗುರದಿಂದ ಅದರ ಮೇಲೆ ಹೊಸ ಹೆಸರೊಂದನ್ನು ಬರೆದು, ಹುಟ್ಟಿದಂದಿನಿಂದ ಆಕೆ ಓಗೊಟ್ಟ ಹೆಸರನ್ನು ಅಳಿಸಿಬಿಡುತ್ತಿದ್ದರು. ಆತನ ಹೆಸರಿಗೆ ನೂರು ಕಾವಲು. ಆಕೆಯ ಹೆಸರು ಒಂದು ಹಿಡಿ ಅಕ್ಕಿಯ ಮೇಲಿನ ಗೆರೆ. ಮೈಸೂರಿನ ಕಾಗದಪತ್ರಗಳಲ್ಲಿ ಗಂಡಸಿಗೆ ಅರಬ್ಬಿಯ 'ಬಿನ್' ಸೇರಿ ಆತನು ತಂದೆಯ ಮಗನಾದರೆ, ಹೆಂಗಸಿಗೆ 'ಕೋಂ' ಸೇರಿ ಆಕೆ ಗಂಡನ ಹೆಂಡತಿಯಾದಳು. ತನ್ನ ಬಾಯಿಂದ ಎಂದೂ ಉಚ್ಚರಿಸದ ಹೆಸರು ಕಾಗದದ ಮೇಲೆ ಆಕೆಯ ಹೆಸರಿಗೆ ಅಂಟಿಕೊಂಡೇ ಇದ್ದಿತು. ಅದನ್ನು ಓದಲು ಆಕೆಗೆ ಬಾರದಿದ್ದುದರಿಂದ ದೋಷವೂ ತಟ್ಟಲಿಲ್ಲ.

ಓದಬಲ್ಲವರ ವಿಷಯ ಇನ್ನೂ ವಿಲಕ್ಷಣ. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ಅಕಾಲಮರಣಕ್ಕೆ ತುತ್ತಾದ, ಕನ್ನಡದ ಅತ್ಯಂತ ದಿಟ್ಟ ಕಥೆಗಾರ್ತಿಯರಲ್ಲೊಬ್ಬಳಾದ ಕೊಡಗಿನ ಗೌರಮ್ಮನು ತನ್ನ ಕಥೆಗಳಿಗೆ ಹಾಕುತ್ತಿದ್ದ ರುಜು 'ಮಿಸೆಸ್ ಬಿ. ಟಿ. ಜಿ. ಕೃಷ್ಣ'. ಆಂಗ್ಲರ ಶಿಷ್ಟಾಚಾರವು ನಮ್ಮ ಶಿಷ್ಟಾಚಾರವನ್ನು ತಲೆಕೆಳಗು ಮಾಡಿದುದನ್ನು ನೋಡಿರಿ: ಅಜ್ಜಿಯ ಕಾಲದಲ್ಲಿ ಹೇಳಬಾರದಾಗಿದ್ದ ಹೆಸರು ಮೊಮ್ಮಗಳ ಕಾಲದಲ್ಲಿ ಹೇಳಲೇಬೇಕಾದ ಹೆಸರಾಯಿತು. ಎರಡರಲ್ಲಿಯೂ ಮರೆಗೆ ಸಂದುದು ಗೌರಮ್ಮ ಎಂಬ ಮೂರಕ್ಷರ.

ಇದೇ ವ್ಯಾಧಿಯು ದೇಶದ ಲೆಕ್ಕದಲ್ಲಿ ಕಾಣಿಸಿಕೊಂಡುದು ಮೊದಲನೆಯ ಮಹಾಚುನಾವಣೆಯಲ್ಲಿ. 1951–52ರ ಆ ಚುನಾವಣೆಗಾಗಿ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ, ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮುಂತಾದ ಸೀಮೆಗಳ ಹೆಂಗಸರು ತಮ್ಮ ಸ್ವಂತ ಹೆಸರನ್ನು ಪರಪುರುಷರಿಗೆ ತಿಳಿಸಲೊಲ್ಲದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಹೆಸರಿಲ್ಲದ ಮತದಾರಳನ್ನು ಪಟ್ಟಿಯಲ್ಲಿ ಉಳಿಸಲಾಗದೆಂದು ಖಂಡಿತವಾಗಿ ನಿರ್ಣಯಿಸಿದುದರಿಂದ, ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಹತ್ತಿರ ಹತ್ತಿರ 28 ಲಕ್ಷ ಮಂದಿ ಮತದ ಹಕ್ಕನ್ನು ಕಳೆದುಕೊಂಡರು. ಸೇನರ ನಿರ್ಣಯವು ನಿಷ್ಠುರವಾದುದೆಂದು ಆಕ್ಷೇಪಿಸಿದವರಿದ್ದರು. ನನಗಾದರೋ ಅದು ಸರಿಯೆಂದೇ ತೋರುತ್ತದೆ. ಕನ್ನಡದ ಹೆಂಗಸು ಗಂಡನ ಹೆಸರನ್ನು ಹೇಳಲೊಲ್ಲದವಳು, ತನ್ನ ಹೆಸರನ್ನು ಕೇಳಿದರೆ ಹೇಳುತ್ತಿದ್ದಳು. ಆ ಹೆಸರನ್ನು ಕೇಳುವವರೇ ಇಲ್ಲದೆ ಹೋದುದು ನಮ್ಮ ಕಡೆಯ ಲೋಪ.

ಈಗ ಎಲ್ಲವೂ ಒಂದೆರಡು ತಲೆಮಾರುಗಳಲ್ಲಿ ಕರಗಿಹೋಗುತ್ತಿದೆ. ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಓದಿ, ಒಂದೇ ಕಚೇರಿಯಲ್ಲಿ ದುಡಿಯುವ ದಂಪತಿಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು, ಓಕಾರ ಏಕಾರಗಳನ್ನು ಸಮವಾಗಿ ಹಂಚಿಕೊಂಡು ಕರೆಯುತ್ತಾರೆ. ಆಯುಸ್ಸು ಯಾರದೂ ಕಡಮೆಯಾದಂತೆ ಕಾಣೆ. ನನ್ನ ಮೊಮ್ಮಗಳು ಗಂಡನನ್ನು 'ಬಾರೋ' ಎಂದಾಗ ಮೊದಲ ಸಲ ನನ್ನ ಕಿವಿಗೆ ಅದು ಗಡುಸಾಗಿ ತೋರಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೂರನೆಯ ಸಲಕ್ಕೆ ರೂಢಿಯಾಯಿತು. ಈ ಬದಲಾವಣೆಯ ಬಗೆಗೆ ನನಗೆ ವ್ಯಸನವಿಲ್ಲ. ಆದರೆ ಒಡಪುಗಳು ಹೋಗುತ್ತಿವೆ. ಹೇಳಬಾರದ ಹೆಸರು ಇಲ್ಲದ ಮೇಲೆ ಹೇಳುವ ಜಾಣ್ಮೆಗೆ ಎಡೆಯೆಲ್ಲಿ? ಮದುವೆಯ ಮನೆಗಳಲ್ಲಿ ಈಗ ಕೇಳಿಬರುವುವು ಹೆಚ್ಚಾಗಿ ಅಚ್ಚಾದ ಪುಸ್ತಕದಿಂದ ಕಲಿತುವು; ಅತ್ತೆಯ ಜಿಪುಣತನವನ್ನು ಅಲ್ಲಿಯೇ ಕಂಡು ಅಲ್ಲಿಯೇ ಕಟ್ಟಿದುವು ಅಪೂರ್ವ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದರೆ, ಆಕೆ ಮದುವೆಯಲ್ಲಿ ಹೇಳಿದ ಒಡಪನ್ನು ಹೇಳಿಸಿ ಬರೆದಿಟ್ಟುಕೊಳ್ಳಿರಿ. ಹಾಲಿಗೆ, ಬೆಟ್ಟಕ್ಕೆ, ವಾರದ ಯಾವ ದಿನಕ್ಕೆ ಆಕೆ ಯಾವ ಬದಲು ಮಾತನ್ನಾಡುತ್ತಿದ್ದಳೆಂಬುದನ್ನೂ ಕೇಳಿ ಗುರುತು ಹಾಕಿರಿ. ಕಾಗದದ ಮೇಲ್ಗಡೆ ಊರಿನ ಹೆಸರನ್ನೂ, ಅದಕ್ಕಿಂತ ಮೊದಲು ಅಜ್ಜಿಯ ತವರಿನ ಹೆಸರನ್ನೂ ಬರೆಯಲು ಮರೆಯಬೇಡಿರಿ.